ಪರಾಧೀನತೆ ಎಂಬುದು ಯಾವುದು?

ಬಾರ್ಕೂರಿನ ಪ್ರಾಚೀನ ಜಿನಾಲಯಗಳ ಅವಶೇಷಗಳಲ್ಲಿ ಕತ್ತಲೆ ಬಸದಿಯೆಂಬ ಹೆಸರು ಇಂದಿಗೂ ಉಳಿದಿದೆ. ಹಳೆಯ ಗರ್ಭಗೃಹಗಳ ಕತ್ತಲೆಯಲ್ಲಿ ಕಣ್ಣುಳ್ಳವನೂ ಗೋಡೆಯನ್ನು ತಡವುತ್ತಾನೆ, ದೀಪ ಹಿಡಿದವನ ಹಿಂದೆ ಹೆಜ್ಜೆಯಿಡುತ್ತಾನೆ. ಆ ಕಾರಣಕ್ಕೆ ಅವನನ್ನು ಪರಾಧೀನನೆಂದು ಯಾರೂ ಕರೆಯರು. ಅಂಧನೊಬ್ಬನು ಹಗಲಿನಲ್ಲಿ ಇನ್ನೊಬ್ಬರ ಭುಜದ ಮೇಲೆ ಕೈಯಿಟ್ಟು ನಡೆದರೆ ಮಾತ್ರ ಆ ಮಾತು ಲೋಕದ ನಾಲಗೆಗೆ ಥಟ್ಟನೆ ಬರುತ್ತದೆ. ಆಸರೆ ಎರಡೂ ಕಡೆ ಒಂದೇ ಆಗಿರುವಾಗ ಹೆಸರು ಬೇರೆಯಾಗುವುದು ನ್ಯಾಯವೇ?

ಗದುಗಿನ ಪಂಡಿತ ಪುಟ್ಟರಾಜ ಗವಾಯಿಗಳ ಬಾಳನ್ನು ಈ ಪ್ರಶ್ನೆಯ ಎದುರಿಗಿಟ್ಟು ನೋಡಬಹುದು. 1914ರ ಮಾರ್ಚ್ 3ರಂದು, ಇಂದಿನ ಹಾವೇರಿ ಜಿಲ್ಲೆಯ ದೇವಗಿರಿಯಲ್ಲಿ ಜನಿಸಿದ ಅವರು ಶೈಶವದಲ್ಲಿಯೇ ದೃಷ್ಟಿಯನ್ನು ಕಳೆದುಕೊಂಡರು. ಸೋದರಮಾವನ ಆಶ್ರಯದಲ್ಲಿ ಬೆಳೆದ ಬಾಲಕನಿಗೆ ಗುರುವಾಗಿ ದೊರೆತವರು ಪಂಚಾಕ್ಷರ ಗವಾಯಿಗಳು, ಅವರೂ ಅಂಧರೇ. 1944ರಲ್ಲಿ ಗುರುಗಳು ತೀರಿಕೊಂಡಾಗ ವೀರೇಶ್ವರ ಪುಣ್ಯಾಶ್ರಮದ ಹೊಣೆ ಮೂವತ್ತರ ಪುಟ್ಟರಾಜರ ಹೆಗಲೇರಿತು. ಅಂಧ, ಅಂಗವಿಕಲ, ಅನಾಥ ಮಕ್ಕಳಿಗೆ ಅನ್ನ, ಆಶ್ರಯ, ಸಂಗೀತ ವಿದ್ಯೆ ಇವಿಷ್ಟನ್ನೂ ಉಚಿತವಾಗಿ ನೀಡುವ ಆ ಮನೆಯನ್ನು ನಡೆಸುವುದು ಸುಲಭದ ಮಾತಲ್ಲ. ಅವರು ನಾಟಕಗಳನ್ನು ರಚಿಸಿದರು, ನಾಟಕ ಕಂಪನಿಯನ್ನು ನಡೆಸಿದರು, ಊರೂರು ತಿರುಗಿ ಹಾಡಿದರು. ಹಾರ್ಮೋನಿಯಂ, ತಬಲಾ, ಸಾರಂಗಿ, ಪಿಟೀಲು ಅವರ ಕೈಗೆ ಒಗ್ಗಿದ್ದವು. 2010ರ ಸೆಪ್ಟೆಂಬರ್ 17ರಂದು ದೇಹವಿಡುವವರೆಗೆ, ಅರವತ್ತಾರು ವರ್ಷ, ಆ ಹೊಣೆಯನ್ನು ಹೊತ್ತರು.

ಭಕ್ತರು ಅವರನ್ನು ನಾಣ್ಯಗಳಿಂದ ತೂಗಿ ತುಲಾಭಾರ ಮಾಡುತ್ತಿದ್ದರು. ಆ ಹಣ ಆಶ್ರಮದ ಮಕ್ಕಳ ಊಟಕ್ಕೆ ಸಲ್ಲುತ್ತಿತ್ತು. ತಕ್ಕಡಿಯಲ್ಲಿ ಕುಳಿತವರನ್ನು ದಾನ ಪಡೆಯುವವರೆನ್ನಬೇಕೋ ಕೊಡುವವರೆನ್ನಬೇಕೋ ಹೇಳುವುದು ಕಷ್ಟ. ಜನ ಅವರನ್ನು ನಡೆದಾಡುವ ದೇವರೆಂದರು. ಭಕ್ತಿಯ ಮಾತು ನಿಜ. ಆದರೆ ದೇವರೆಂದ ಮೇಲೆ, ಕಣ್ಣಿಲ್ಲದ ಮನುಷ್ಯನೊಬ್ಬನು ದಿನದಿನವೂ ಪಟ್ಟ ಶ್ರಮವನ್ನು ಲೆಕ್ಕಿಸುವ ಅಗತ್ಯ ಉಳಿಯುವುದಿಲ್ಲ ಎಂಬುದೂ ಅಷ್ಟೇ ನಿಜ.

ಜೈನ ಓದುಗರಿಗೆ ಇಲ್ಲಿ ಪಂಡಿತ ಸುಖಲಾಲಜಿಯವರು ನೆನಪಾಗದಿರರು. ಗುಜರಾತಿನ ಈ ವಿದ್ವಾಂಸರು ಹದಿನಾರರ ವಯಸ್ಸಿನಲ್ಲಿ ಸಿಡುಬಿನಿಂದ ಕುರುಡಾದರು. ಪಂಡಿತ ಬೇಚರದಾಸರೊಡನೆ ಸಿದ್ಧಸೇನ ದಿವಾಕರರ ಸನ್ಮತಿತರ್ಕವನ್ನು ಸಂಪಾದಿಸುವಾಗ ಹಸ್ತಪ್ರತಿಯನ್ನು ಓದಿ ಹೇಳಲು ಬೇರೆಯವರ ಕಣ್ಣು ಬೇಕಿತ್ತು. ಯಾವ ಪಾಠ ಶುದ್ಧ, ಯಾವುದು ಲಿಪಿಕಾರನ ಪ್ರಮಾದ ಎಂಬ ವಿವೇಚನೆಗೆ ಬೇಕಾದುದು ಕಣ್ಣಲ್ಲ. ಓದಿದವನು ಕಣ್ಣನ್ನು ಕೊಟ್ಟನು, ತೀರ್ಪನ್ನು ಕೊಡಲಿಲ್ಲ. ಸ್ವಾತಂತ್ರ್ಯ ನೆಲಸಿರುವುದು ಈ ತೀರ್ಪಿನಲ್ಲಿ. ಅವರೇ ವಿವೇಚನೆ ಬರೆದ ತತ್ತ್ವಾರ್ಥಸೂತ್ರವಂತೂ ಒಬ್ಬರಿಗೊಬ್ಬರು ನೆರವಾಗುವುದನ್ನು ಜೀವಗಳ ಕಾರ್ಯವೆಂದೇ ಎಣಿಸುತ್ತದೆ, ಕೊರತೆಯೆಂದಲ್ಲ.

ಎಲ್ಲ ಅಂಧರೂ ಗವಾಯಿಗಳಾಗಲಾರರು, ಪಂಡಿತರೂ ಆಗಲಾರರು ಎಂಬ ಆಕ್ಷೇಪ ಸರಿಯಾದುದೇ. ಮಹಾಪುರುಷರನ್ನು ಹೊಗಳಿ, ನೆರೆಮನೆಯ ಅಂಗವಿಕಲ ಯುವಕನ ಮದುವೆ, ವಾಸ, ಉದ್ಯೋಗಗಳನ್ನು ಅವನನ್ನು ಕೇಳದೆಯೇ ನಿರ್ಧರಿಸುವ ಮನೆಗಳು ಕಡಿಮೆಯಿಲ್ಲ. ಅವನಿಗೆ ಅನ್ನಕ್ಕೆ ಕೊರತೆಯಿರಲಿಕ್ಕಿಲ್ಲ; ಪ್ರೀತಿಗೂ ಇರಲಿಕ್ಕಿಲ್ಲ. ಎಲ್ಲಿ, ಯಾರೊಡನೆ ಬಾಳಬೇಕೆಂಬುದನ್ನು ಇತರರಂತೆಯೇ ತಾನೇ ಆರಿಸಿಕೊಳ್ಳುವ ಹಕ್ಕು ಅವನಿಗೂ ಇದೆಯೆಂದು ವಿಶ್ವಸಂಸ್ಥೆಯ 2006ರ ಒಡಂಬಡಿಕೆ ಸಾರಿತು. ಭಾರತವು 2007ರಲ್ಲಿ ಅದನ್ನು ಅಂಗೀಕರಿಸಿತು. ಮನೆಯ ಜಗಲಿಯವರೆಗೆ ಆ ಮಾತು ಇನ್ನೂ ತಲುಪಬೇಕಾಗಿದೆ.

ಗವಾಯಿಗಳ ಬಳಿ ಕಣ್ಣುಳ್ಳವರೂ ಕಲಿತರು. ಬಳ್ಳಾರಿಯ ಕಡೆಯಿಂದ ಬಂದ ಬಾಲಕ ವೆಂಕಟೇಶ ಕುಮಾರರು ಆಶ್ರಮದಲ್ಲಿ ಹನ್ನೆರಡು ವರ್ಷ ಇದ್ದು, ಗುರುಗಳ ಕಂಠವನ್ನು ಕೇಳಿ ಕೇಳಿ ಸ್ವರಸ್ಥಾನಗಳನ್ನು ತಿದ್ದಿಕೊಂಡರು.