ಬೆಳೆಯುವ ಪಾದ

ಬೆಳೆಯುವ ಮಕ್ಕಳಿಗೆ ಬಟ್ಟೆ ಹೊಲಿಸುವಾಗ ನಾಲ್ಕು ಬೆರಳು ಹೆಚ್ಚಾಗಿ ಬಿಡಿಸುವುದು ನಮ್ಮ ಗೃಹಸ್ಥರ ವಾಡಿಕೆ. ಇದು ಜಿಪುಣತನವಲ್ಲ, ಮುಂದಾಲೋಚನೆ. ಅಂಗಿಯು ಸಡಿಲವಾದರೆ ಮಗುವಿಗೆ ಹಾನಿಯೇನೂ ಇಲ್ಲ. ಆದರೆ ಈ ನ್ಯಾಯವು ಎಲ್ಲ ವಸ್ತುಗಳಿಗೂ ಸಲ್ಲುವುದೇ? ಚಳಿನಾಡಿನ ಒಂದು ಉದಾಹರಣೆಯಿಂದ ಇದನ್ನು ವಿಚಾರಿಸಬಹುದು.

ಹಾಲೆಂಡ್ ದೇಶದಲ್ಲಿ ಚಳಿಗಾಲದಲ್ಲಿ ಕಾಲುವೆಗಳು ಹೆಪ್ಪುಗಟ್ಟಿದಾಗ ಜನರು ಅವುಗಳ ಮೇಲೆ ಜಾರುತ್ತ ಊರಿಂದೂರಿಗೆ ಹೋಗುತ್ತಿದ್ದರು. ಅವರ ಹಳೆಯ ಸ್ಕೇಟುಗಳು ಉಕ್ಕಿನ ಅಲಗನ್ನು ಕೂಡಿಸಿದ ಮರದ ತುಂಡುಗಳಷ್ಟೇ. ಅವನ್ನು ನಿತ್ಯದ ಪಾದರಕ್ಷೆಗೇ ಪಟ್ಟಿಯಿಂದ ಬಿಗಿಯುತ್ತಿದ್ದರು. ಪಾದವು ತುಸು ಬೆಳೆದರೂ ಪಟ್ಟಿಯನ್ನು ಸಡಿಲಿಸಿದರೆ ಸಾಕಾಗಿತ್ತು. ಈಗಲಾದರೋ ಬೂಟೂ ಅಲಗೂ ಒಂದಾಗಿವೆ. ಬೂಟು ಕಾಲಿಗೆ ಸರಿಯಾಗಿ ಕೂಡದಿದ್ದರೆ ಅಲಗು ಹತೋಟಿಗೆ ಬಾರದು.

ಬೆಲೆಯನ್ನು ಕಂಡು ಅಂಜಿದ ತಂದೆಯು ಎರಡು ಅಳತೆ ದೊಡ್ಡದಾದ ಬೂಟನ್ನು ಕೊಂಡು, ದಪ್ಪ ಕಾಲುಚೀಲಗಳನ್ನು ತುಂಬಿಸಿ ಮಗುವನ್ನು ಮಂಜುಗಡ್ಡೆಯ ಮೇಲೆ ನಿಲ್ಲಿಸುವನು. ಒಳಗೆ ಹಿಮ್ಮಡಿಯು ಅಲುಗುವುದು. ಹರಡು ಒಳಮುಖವಾಗಿ ಬಾಗುವುದು. ಚರ್ಮವು ಉಜ್ಜಿ ಬೊಬ್ಬೆಯೇಳುವುದು. ಮಗು ಬೀಳುವುದು, ಮತ್ತೆ ಎದ್ದು ಬೀಳುವುದು. ಕೊನೆಗೆ ಅದು ಬೂಟನ್ನು ದೂರುವುದಿಲ್ಲ. "ನನಗೆ ಇದು ಬಾರದು" ಎಂದು ತನ್ನನ್ನೇ ಹಳಿದುಕೊಳ್ಳುವುದು. ನಾಳಿನ ಹಣವನ್ನು ಉಳಿಸಲು ಹೋಗಿ ಇಂದಿನ ಆತ್ಮವಿಶ್ವಾಸವನ್ನು ವ್ಯಯಮಾಡಿದಂತಾಯಿತು. ಈ ಲೆಕ್ಕವು ಯಾವ ಗೃಹಸ್ಥನ ಕಡತದಲ್ಲಿಯೂ ಬರೆದಿರುವುದಿಲ್ಲ.

ಇದಕ್ಕೆ ವಿರುದ್ಧವಾದ ತಪ್ಪೂ ಉಂಟು. ಕಳೆದ ವರ್ಷದ ಬೂಟನ್ನೇ ಇನ್ನೊಂದು ಚಳಿಗಾಲ ಎಳೆದರೆ ಬೆರಳುಗಳು ಮುದುಡಿ, ರಕ್ತಸಂಚಾರ ಕುಂದಿ, ಪಾದವು ಮರಗಟ್ಟುವುದು. ದೊಡ್ಡ ಬೂಟನ್ನು ತೊಡಿಸಿದವನು ಮುಂದೆ ಬರಲಿರುವ ಮಗುವನ್ನು ನೋಡುತ್ತಿರುವನು. ಚಿಕ್ಕದನ್ನು ತೊಡಿಸಿದವನು ಹೋದ ವರ್ಷದ ಮಗುವನ್ನು. ಎದುರಿಗೆ ನಿಂತಿರುವ ಮಗುವನ್ನು ಇಬ್ಬರೂ ಕಂಡಿಲ್ಲ.

ಹಾಗಾದರೆ ಬಡವನು ಏನು ಮಾಡಬೇಕು? ವರ್ಷವರ್ಷವೂ ಹೊಸದನ್ನು ಕೊಳ್ಳೆಂದು ಅವನಿಗೆ ಹೇಳುವುದು ಧರ್ಮಬೋಧೆಯಲ್ಲ, ಪರಿಹಾಸ್ಯ. ಆದರೆ ಮಗುವು ಒಂದು ಚಳಿಗಾಲ ತೊಟ್ಟ ಬೂಟು ಸಾಮಾನ್ಯವಾಗಿ ಸವೆದಿರುವುದಿಲ್ಲ. ಆ ಪಾದಕ್ಕೆ ಸಾಲದಾಗಿರುವುದು, ಅಷ್ಟೇ. ಆದುದರಿಂದಲೇ ಕೆನಡಾ ಮೊದಲಾದ ದೇಶಗಳಲ್ಲಿ ಇಂಥ ಬೂಟುಗಳು ಅಣ್ಣನಿಂದ ತಮ್ಮನಿಗೆ, ಒಂದು ಮನೆಯಿಂದ ಇನ್ನೊಂದಕ್ಕೆ ಸಾಗುವುವು. ಜಾರುವ ಅಂಗಣಗಳಲ್ಲಿ ಬಾಡಿಗೆಗೂ ದೊರೆಯುವುವು. ಕಲಿಯತೊಡಗಿದವರಿಗೆ, ಕೆಲವು ಅಳತೆಗಳವರೆಗೆ ಹಿಗ್ಗಿಸಬಹುದಾದವೂ ಇವೆ. ಹಳೆಯದನ್ನು ಪಡೆಯುವಾಗ ಹರಡಿನ ಬಳಿ ಚರ್ಮವು ಮಡಿದು ಮೆತ್ತಗಾಗಿದೆಯೇ ಎಂದು ಮಾತ್ರ ನೋಡಿಕೊಳ್ಳಬೇಕು.

ಇದರಿಂದ ತಿಳಿಯುವುದೇನು? ಮಿತವ್ಯಯವು ದೋಷವಲ್ಲ, ಅದನ್ನು ಮಗುವಿನ ಕಾಲಿನ ಮೇಲೆ ಹೇರುವುದು ದೋಷ. ಉಳಿತಾಯದ ಭಾರವನ್ನು ನೆರೆಹೊರೆಯವರು ಹಂಚಿಕೊಂಡರೆ ಅದು ಯಾರಿಗೂ ಭಾರವಾಗದು. ಬೂಟು ನನ್ನ ಮಗುವಿಗೆ ಈ ಚಳಿಗಾಲದ ಮಟ್ಟಿಗೆ ಮಾತ್ರ ಸೇರಿದ್ದು, ಮುಂದೆ ಮತ್ತೊಂದು ಮಗುವಿನದು ಎಂದು ತಿಳಿದವನಿಗೆ ದೊಡ್ಡ ಅಳತೆಯ ಆಸೆ ಹುಟ್ಟದು.

ಪರೀಕ್ಷೆಯೂ ಸುಲಭವಾದುದು. ಮಗು ನೆಟ್ಟಗೆ ನಿಂತಾಗ ಬೆರಳು ಬೂಟಿನ ತುದಿಯನ್ನು ಹಗುರವಾಗಿ ಸೋಕಬೇಕು, ಮೊಣಕಾಲನ್ನು ಬಗ್ಗಿಸಿದಾಗ ತುಸು ಹಿಂದೆ ಸರಿಯಬೇಕು, ಹಿಮ್ಮಡಿ ಅಲುಗಬಾರದು. ಇಷ್ಟನ್ನು ತಿಳಿಯಲು ತಂದೆಯು ಮಗುವಿನ ಮುಂದೆ ಮಂಡಿಯೂರಿ ಕುಳಿತು, "ಎಲ್ಲಿ ಒತ್ತುತ್ತದೆ, ಮಗೂ?" ಎಂದು ಕೇಳಬೇಕಾಗುವುದು, ಕೇಳಿದ ಮೇಲೆ ಅದರ ಉತ್ತರವನ್ನು ನಂಬಬೇಕಾಗುವುದು.