ಶ್ರೀ ರೇಣುಕಾ ಮಾತೆ ತಡವಾಗಿ ಬಂದ ಎರಡು ದಿನಗಳು

ಚಂದ್ರಗುತ್ತಿಯ ಬೆಟ್ಟಕ್ಕೆ ಶ್ರೀ ರೇಣುಕಾಂಬೆಯ ದರ್ಶನಕ್ಕಾಗಿ ಬಂದಿರುವ ಭಕ್ತ ಮಹಾಜನರೇ,

ಶಿವಮೊಗ್ಗದ ಹೊಸಮನೆಯಿಂದ, ಭದ್ರಾವತಿಯ ಹೊಸಮನೆಯಿಂದ, ಇನ್ನೂ ಎಲ್ಲೆಲ್ಲಿಂದಲೋ ತಾಯಂದಿರು ಹಣ್ಣುಕಾಯಿ ಬುಟ್ಟಿ ಹಿಡಿದು ಬಂದು ಅಮ್ಮನ ಗುಹೆಯ ಮುಂದೆ ಕೈಮುಗಿದು ನಿಲ್ಲುತ್ತಾರೆ. "ಅಮ್ಮನ ಕಥೆ ಗೊತ್ತೇನ್ರಮ್ಮಾ?" ಎಂದು ಕೇಳಿದರೆ ಬರುವ ಉತ್ತರ ಒಂದೇ: "ಗೊತ್ತಿಲ್ಲದೆ ಏನು! ಪರಶುರಾಮ ಅಪ್ಪನ ಮಾತಿಗೆ ಅಮ್ಮನ ತಲೆ ಕಡಿದ, ಆಮೇಲೆ ವರ ಬೇಡಿ ಬದುಕಿಸಿದ." ಇದು ಮಗನ ಕಥೆಯಾಯಿತು. ತಂದೆಯ ಕೋಪದ ಕಥೆಯಾಯಿತು. ಹಾಗಾದರೆ ಅಮ್ಮನ ಕಥೆ ಎಲ್ಲಿ ಹೋಯಿತು?

ಮಹಾಭಾರತದ ಪ್ರಕಾರ ರೇಣುಕೆ ಪ್ರಸೇನಜಿತ್ ಮಹಾರಾಜನ ಮಗಳು. ಅರಮನೆಯಲ್ಲಿ ಬೆಳೆದವಳು ಜಮದಗ್ನಿ ಮಹರ್ಷಿಗಳ ಕೈಹಿಡಿದು ಪರ್ಣಕುಟಿಗೆ ಬಂದಳು. ಲಗ್ನವಾದ ಪ್ರತಿಯೊಂದು ಹೆಣ್ಣಿಗೂ ಒಂದು ಹೊಸಮನೆ ಇದ್ದೇ ಇರುತ್ತದೆ. ರೇಣುಕೆಗೆ ಆ ಕಾಡಿನ ಆಶ್ರಮವೇ ಹೊಸಮನೆ. ದಿನವೂ ಹೊಳೆದಂಡೆಯ ಮರಳಿನಲ್ಲಿ ಕೊಡ ಮಾಡಿ, ಹಾವನ್ನು ಸಿಂಬಿ ಸುತ್ತಿ, ತಲೆಯ ಮೇಲೆ ನೀರು ಹೊತ್ತು ತರುತ್ತಿದ್ದಳೆಂದು ನಮ್ಮ ಜನಪದರು ಹಾಡಿಕೊಂಡು ಬಂದಿದ್ದಾರೆ. ಐದು ಗಂಡುಮಕ್ಕಳನ್ನು ಹೆತ್ತು ಸಾಕಿದಳು. ಈ ತಾಯಿ ಮನೆಗೆ ತಡವಾಗಿ ಬಂದ ಎರಡು ದಿನಗಳ ಕಥೆ ಶಾಸ್ತ್ರದಲ್ಲಿದೆ.

ಒಂದು ದಿನದ ಕಥೆ ಅನುಶಾಸನ ಪರ್ವದಲ್ಲಿದೆ. ಶ್ರಾದ್ಧ ಮುಂತಾದ ಕರ್ಮಗಳಲ್ಲಿ ಕೊಡೆ, ಪಾದರಕ್ಷೆ ದಾನ ಕೊಡುವುದು ಏಕೆ ಎಂದು ಧರ್ಮರಾಯ ಕೇಳಿದಾಗ ಭೀಷ್ಮಾಚಾರ್ಯರು ಇದನ್ನು ಹೇಳಿದರು. ಜ್ಯೇಷ್ಠ ಮಾಸದ ಉರಿಬಿಸಿಲು. ಜಮದಗ್ನಿಗಳು ಬಾಣ ಬಿಡುತ್ತಿದ್ದಾರೆ, ರೇಣುಕೆ ಓಡೋಡಿ ಹೋಗಿ ಆರಿಸಿ ತಂದುಕೊಡುತ್ತಿದ್ದಾಳೆ. ನಡುಮಧ್ಯಾಹ್ನ ಒಮ್ಮೆ ಹೋದವಳು ಬೇಗ ಬರಲಿಲ್ಲ. ಬಂದಾಗ ಹೆದರಿ ನಡುಗುತ್ತಿದ್ದಳು. "ಯಾಕೆ ಇಷ್ಟು ತಡ?" ಎಂದು ಋಷಿಗಳು ಸಿಟ್ಟಿನಿಂದಲೇ ಕೇಳಿದರು. "ಸ್ವಾಮೀ, ತಲೆ ಸುಡುತ್ತಿತ್ತು, ಕಾಲು ಸುಡುತ್ತಿತ್ತು. ಮರದ ನೆರಳಲ್ಲಿ ಒಂದು ಗಳಿಗೆ ನಿಂತುಬಿಟ್ಟೆ" ಎಂದಳು. ಆ ಮಾತು ಕಿವಿಗೆ ಬಿದ್ದದ್ದೇ ತಡ, ಋಷಿಗಳ ಕೋಪ ಹೆಂಡತಿಯನ್ನು ಬಿಟ್ಟು ಅವಳನ್ನು ಸುಟ್ಟ ಸೂರ್ಯನ ಮೇಲೆ ತಿರುಗಿತು. ಬಿಲ್ಲಿಗೆ ಬಾಣ ಹೂಡಿದರು. ಸೂರ್ಯದೇವನು ಬ್ರಾಹ್ಮಣ ವೇಷದಲ್ಲಿ ಇಳಿದು ಬಂದು ಶರಣಾಗಿ, ತಲೆಗೊಂದು ಕೊಡೆ, ಕಾಲಿಗೆ ಪಾದರಕ್ಷೆ ಕೊಟ್ಟನು. ಲೋಕಕ್ಕೆ ಇವೆರಡೂ ಬಂದದ್ದು ಹೀಗೆ, ರೇಣುಕಾ ಮಾತೆಯ ಬೆಂದ ಪಾದದಿಂದ.

ಇನ್ನೊಂದು ದಿನದ ಕಥೆ ಭಾಗವತದಲ್ಲಿದೆ. ನೀರಿಗೆ ಹೋದ ರೇಣುಕೆ ಅಲ್ಲಿ ಜಲಕ್ರೀಡೆಯಾಡುತ್ತಿದ್ದ ಗಂಧರ್ವರಾಜ ಚಿತ್ರರಥನನ್ನು ಕಂಡಳು. ಕ್ಷಣಕಾಲ ಮನಸ್ಸು ಅತ್ತ ಹೋಯಿತು, ಹೋಮದ ಹೊತ್ತು ಮರೆಯಿತು. ತಡವಾಯಿತೆಂದು ಹೆದರಿ ಬಂದು, ಕೊಡವನ್ನು ಮುಂದಿಟ್ಟು, ಕೈಮುಗಿದು ನಿಂತಳು. ಅಂದು ಋಷಿಗಳು "ಯಾಕೆ ತಡ?" ಎಂದು ಕೇಳಲಿಲ್ಲ. ತಪೋಬಲದಿಂದ ತಿಳಿದುಕೊಂಡರು, ಮಕ್ಕಳನ್ನು ಕರೆದು "ಇವಳನ್ನು ಕೊಲ್ಲಿ" ಎಂದರು. ಹಿರಿಯ ಮಕ್ಕಳು ನಾಲ್ವರು ಒಪ್ಪಲಿಲ್ಲ. ಕಿರಿಯ ಮಗ ಪರಶುರಾಮ ಕೊಡಲಿ ಎತ್ತಿದ. ಒಂದು ದಿನ ಬಿಸಿಲಿಗೆ ಸುಟ್ಟೀತೆಂದು ಯಾವ ತಲೆಗೆ ದೇವಲೋಕದ ಕೊಡೆ ಬಂತೋ ಅದೇ ತಲೆ ನೆಲಕ್ಕೆ ಬಿತ್ತು.

ಎರಡೂ ದಿನ ತಡವಾಗಿತ್ತು. ಎರಡೂ ದಿನ ಅವಳು ಹೆದರಿದ್ದಳು. ಕೋಪವೂ ಎರಡೂ ದಿನ ಇತ್ತು. ಒಂದು ದಿನ ಕೇಳಿದರು, ಒಂದು ದಿನ ಕೇಳಲಿಲ್ಲ. ವ್ಯತ್ಯಾಸ ಇಷ್ಟೇ. ಜಮದಗ್ನಿಗಳು ಸಪ್ತರ್ಷಿಗಳಲ್ಲಿ ಒಬ್ಬರು, ಅವರನ್ನು ದೂರುವ ಯೋಗ್ಯತೆ ನಮಗಿಲ್ಲ. ಆದರೆ ಅಂಥ ಮಹಾತ್ಮರಿಗೇ ಕೋಪ ಹೀಗೆ ಮಾಡಿಸಿತೆಂದರೆ ಸಂಸಾರಿಗಳ ಪಾಡೇನು?

ಪರಶುರಾಮನು ಬೇಡಿದ ವರವನ್ನೂ ನೆನೆಯಬೇಕು. "ತಾಯಿ ಬದುಕಲಿ, ತನ್ನನ್ನು ಕೊಂದದ್ದು ಆಕೆಗೆ ನೆನಪಾಗದಿರಲಿ" ಎಂದ. ತಾಯಿ ಮರೆತಳು. ಕೊಡಲಿ ಮರೆಯಲಿಲ್ಲ. ಅದರ ಮೇಲಿನ ರಕ್ತದ ಕಲೆ ಎಲ್ಲೂ ಹೋಗದೆ, ಕೊನೆಗೆ ತೀರ್ಥಹಳ್ಳಿಯ ತುಂಗೆಯಲ್ಲಿ ತೊಳೆದುಹೋಯಿತೆಂದು ಸ್ಥಳಪುರಾಣ. ಎಳ್ಳಮಾವಾಸ್ಯೆಗೆ ಜನ ಇಂದಿಗೂ ಅಲ್ಲಿ ಮೀಯುತ್ತಾರೆ. ಅದೇ ತುಂಗೆ ಶಿವಮೊಗ್ಗಕ್ಕೆ ಹರಿದು ಬಂದು, ಕೂಡಲಿಯಲ್ಲಿ ಭದ್ರೆಯನ್ನು ಸೇರುತ್ತಾಳೆ.

ಈ ಬೆಟ್ಟದ ತಪ್ಪಲಿನಲ್ಲೂ ಹಿಂದೆ ಕೇಳದೆ ನಡೆದದ್ದೊಂದಿತ್ತು. ಹರಕೆಯ ಹೆಸರಿನಲ್ಲಿ ಬೆತ್ತಲೆ ಸೇವೆ. ಬಡಮನೆಯ ಹೆಣ್ಣುಮಕ್ಕಳು, ಗಂಡಸರು ವರದಾ ನದಿಯಲ್ಲಿ ಮಿಂದು ಬಟ್ಟೆಯಿಲ್ಲದೆ ಗುಡಿಗೆ ಬರುತ್ತಿದ್ದರು. 1986ರ ಮಾರ್ಚ್‌ನಲ್ಲಿ ಇದನ್ನು ತಡೆಯಲು ಬಂದ ದಲಿತ ಸಂಘರ್ಷ ಸಮಿತಿಯವರ ಮೇಲೂ ಪೊಲೀಸರ ಮೇಲೂ ಹಲ್ಲೆಯಾಯಿತು. ಅನಂತರ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. "ನಿನಗೆ ಇದು ಬೇಕೇನಮ್ಮಾ?" ಎಂದು ಆ ಹೆಣ್ಣುಮಕ್ಕಳನ್ನು ಎಷ್ಟು ಜನ ಕೇಳಿದ್ದರು? ತಲೆಗೆ ನೆರಳು, ಕಾಲಿಗೆ ಮೆಟ್ಟು ತಂದುಕೊಟ್ಟ ತಾಯಿ ಮಕ್ಕಳ ಮೈಮೇಲಿನ ಬಟ್ಟೆಯನ್ನು ಕೇಳುತ್ತಾಳೆಯೇ? ಅಮ್ಮನಿಗೆ ಬೇಕಾದದ್ದು ಶುದ್ಧ ಭಕ್ತಿ, ಮಾನ ಕಳೆಯುವ ಹರಕೆಯಲ್ಲ.

ಭಕ್ತರೇ, ದರ್ಶನ ಮುಗಿಸಿ ಮೆಟ್ಟಿಲಿಳಿದು ಚಪ್ಪಲಿ ಮೆಟ್ಟುವಾಗ ಈ ತಾಯಿಯ ಬೆಂದ ಪಾದವನ್ನು ಒಮ್ಮೆ ನೆನೆಯಿರಿ. ಊರಿಗೆ ಹೋದ ಮೇಲೆ ಹೆಂಡತಿಯೋ ಮಗಳೋ ಸೊಸೆಯೋ ಕೆಲಸ ಮುಗಿಸಿ, ಬಸ್ಸು ಕಾದು, ಹೊತ್ತು ಮೀರಿ ಬಾಗಿಲಿಗೆ ಬಂದರೆ ಮನಸ್ಸಿನಲ್ಲೇ ತೀರ್ಪು ಕೊಟ್ಟುಬಿಡಬೇಡಿ. "ಯಾಕಮ್ಮಾ ತಡ ಆಯ್ತು?" ಎಂದು ಕೇಳಿ. ಕೇಳಿದ ಮೇಲೆ ಉತ್ತರ ಬರುವವರೆಗೆ ಸುಮ್ಮನಿರಿ. ಮೊದಲು ಒಂದು ಲೋಟ ನೀರು ಕೊಡಿ. ಹೆಣ್ಣಿನ ಮಾತಿಗೆ ಕಿವಿಗೊಡುವ ಮನೆಗೆ ನೆರಳು ತಾನಾಗಿ ಬರುತ್ತದೆ.

ಶ್ರೀ ರೇಣುಕಾಂಬೆ ಎಲ್ಲರ ಮನೆಯನ್ನೂ ತಂಪಾಗಿಡಲಿ.

ಮಂಗಳಂ