ಅಳಿಸಿದ ಗೆರೆಗಳು

ಮಾಡಿದ ತಪ್ಪನ್ನು ಯಾರಿಗೂ ಹೇಳದೆ ಅಳಿಸಿಬಿಟ್ಟರೆ ಅದು ತೌಬಾ ಆಗುತ್ತದೆಯೇ? ಟಿನ್‌ಟಿನ್ ಎಂಬ ಹುಡುಗ ಪತ್ರಕರ್ತನ ಚಿತ್ರಕಥೆಗಳನ್ನು ಬರೆದ ಎರ್ಜೆಯ ಬದುಕನ್ನು ಓದುವಾಗ ಈ ಪ್ರಶ್ನೆ ನಮ್ಮನ್ನು ಕಾಡಿತು.

ಎರ್ಜೆಯ ನಿಜನಾಮ ಜಾರ್ಜ್ ರೆಮಿ. 1907ರಲ್ಲಿ ಬ್ರಸೆಲ್ಸ್‌ನಲ್ಲಿ ಹುಟ್ಟಿದವರು. ಹೆಸರಿನ ಮೊದಲಕ್ಷರಗಳನ್ನು ತಿರುವುಮುರುವು ಮಾಡಿ ಫ್ರೆಂಚರಂತೆ ಉಚ್ಚರಿಸಿದರೆ ‘ಎರ್ಜೆ’. 1929ರ ಜನವರಿಯಲ್ಲಿ ಕ್ಯಾಥೊಲಿಕ್ ಪತ್ರಿಕೆಯೊಂದರ ಮಕ್ಕಳ ಪುರವಣಿಯಲ್ಲಿ ಟಿನ್‌ಟಿನ್ ಹುಟ್ಟಿದ. ಪತ್ರಿಕೆ ನಡೆಸುತ್ತಿದ್ದ ಪಾದ್ರಿಯ ಇಚ್ಛೆಯಂತೆ ಮೊದಲು ರಷ್ಯಾಕ್ಕೆ, ಬಳಿಕ ಬೆಲ್ಜಿಯಂನ ವಸಾಹತಾಗಿದ್ದ ಕಾಂಗೋಗೆ ಹೋದ. ಎರ್ಜೆ ಕಾಂಗೋ ನೋಡಿದವರಲ್ಲ. ಅವರು ಬಿಡಿಸಿದ ಕಪ್ಪು ಜನರು ದಪ್ಪ ತುಟಿಯ, ಬುದ್ಧಿ ಬಲಿಯದ ಮಕ್ಕಳು. ಅವರಿಗೆ ಟಿನ್‌ಟಿನ್ ಬೆಲ್ಜಿಯಂ ನಿಮ್ಮ ಮಾತೃಭೂಮಿ ಎಂದು ಪಾಠ ಹೇಳುತ್ತಾನೆ. 1946ರ ಬಣ್ಣದ ಆವೃತ್ತಿಯಲ್ಲಿ ಆ ಪಾಠ ಕೂಡುವ ಲೆಕ್ಕವಾಗಿದೆ. ಶಾಲೆ ಅದೇ, ಮಕ್ಕಳ ಮುಖಗಳೂ ಅವೇ.

ಎರ್ಜೆಗೆ ಕಲಿಯುವ ಮನಸ್ಸಿರಲಿಲ್ಲ ಎನ್ನುವಂತಿಲ್ಲ. ಚೀನಾದ ಕಥೆ ಬರೆಯಲು ಹೊರಟಾಗ, ಅಲ್ಲಿನ ವಿದ್ಯಾರ್ಥಿಗಳನ್ನು ಬಲ್ಲ ಒಬ್ಬ ಪಾದ್ರಿ ಎಚ್ಚರಿಸಿದರು. 1934ರಲ್ಲಿ ಬ್ರಸೆಲ್ಸ್‌ನಲ್ಲಿ ಶಿಲ್ಪಕಲೆ ಕಲಿಯುತ್ತಿದ್ದ ಜಾಂಗ್ ಚೊಂಗ್‌ರೆನ್ ಪರಿಚಯವಾದರು. ಇಬ್ಬರೂ ಸಮವಯಸ್ಕರು. ಅವರ ಒಡನಾಟದಲ್ಲಿ ಬರೆದ ‘ನೀಲಿ ಕಮಲ’ದಲ್ಲಿ ಮಂಚೂರಿಯಾದ ಮೇಲೆ ಜಪಾನ್ ನಡೆಸಿದ ಆಕ್ರಮಣದ ಚಿತ್ರವಿದೆ. ಗೋಡೆಗಳ ಮೇಲಿನ ಚೀನೀ ಬರಹ ಜಾಂಗ್‌ರ ಕೈಯದು. ಟಿನ್‌ಟಿನ್ ಮತ್ತು ಚಾಂಗ್ ಎಂಬ ಹುಡುಗ ತಂತಮ್ಮ ಜನ ಪರಸ್ಪರರ ಬಗ್ಗೆ ಕಟ್ಟಿಕೊಂಡ ಭ್ರಮೆಗಳನ್ನು ನೆನೆದು ನಗುವ ಒಂದು ಪುಟವಿದೆ. ಎದುರಿಗೆ ಕುಳಿತ ಮನುಷ್ಯನಿಂದ ಮಾತ್ರ ಅಂಥ ಪುಟ ಬರಲು ಸಾಧ್ಯ.

ಆದರೆ ಚೀನೀಯರ ವಿಷಯದಲ್ಲಿ ಕಣ್ಣು ತೆರೆದವನಿಗೆ ಯೆಹೂದಿಯ ವಿಷಯದಲ್ಲಿ ಅದು ತೆರೆಯಲಿಲ್ಲ. ಜರ್ಮನ್ ಆಕ್ರಮಣ ಕಾಲದಲ್ಲಿ ಎರ್ಜೆ, ಆಕ್ರಮಣಕಾರರ ಹಿಡಿತದಲ್ಲಿದ್ದ ‘ಲ ಸ್ವಾರ್’ ಪತ್ರಿಕೆಗೆ ಚಿತ್ರ ಬರೆದರು. 1941ರಲ್ಲಿ ಶುರುವಾದ ‘ಉಲ್ಕೆ’ಯ ಕಥೆಯಲ್ಲಿ ಲೋಕ ಮುಳುಗಿದರೆ ಸಾಲ ತೀರಿಸಬೇಕಿಲ್ಲ ಎಂದು ಕೈ ಉಜ್ಜಿಕೊಳ್ಳುವ ಇಬ್ಬರು ಯೆಹೂದಿಗಳಿದ್ದಾರೆ. ಹಣದ ಖಳನ ಹೆಸರು ಬ್ಲೂಮೆನ್‌ಸ್ಟೈನ್. 1942ರ ಆಗಸ್ಟ್‌ನಿಂದ ಬೆಲ್ಜಿಯಂನ ಯೆಹೂದಿಗಳನ್ನು ರೈಲಿನಲ್ಲಿ ಆಶ್‌ವಿಟ್ಜ್‌ಗೆ ಸಾಗಿಸಲಾಯಿತು. ಪುಸ್ತಕವಾಗುವಾಗ ಸಾಲಗಾರರ ಚಿತ್ರ ಹೋಯಿತು. ಮುಂದೆ ಹೆಸರೂ ಬದಲಾಯಿತು. ಎರ್ಜೆ ಹುಡುಕಿ ಇಟ್ಟ ಹೊಸ ಹೆಸರು ಬೋಲ್‌ವಿಂಕೆಲ್, ಬ್ರಸೆಲ್ಸ್‌ನ ಆಡುಮಾತಿನಲ್ಲಿ ಮಿಠಾಯಿ ಅಂಗಡಿ ಎಂದರ್ಥ. ಅದೂ ನಿಜವಾದ ಯೆಹೂದಿ ಮನೆತನದ ಹೆಸರೆಂದು ಆಮೇಲೆ ತಿಳಿಯಿತಂತೆ! ಹೆಸರು ಬದಲಾದರೂ ದಪ್ಪ ಮೂಗು ಹಾಗೆಯೇ ಉಳಿಯಿತು.

ನಮಗೆ ಹೆಚ್ಚು ಹತ್ತಿರದ ಉದಾಹರಣೆ 1958ರ ಕೆಂಪು ಸಮುದ್ರದ ಕಥೆ. ಹಜ್‌ಗೆ ಹೊರಟ ಆಫ್ರಿಕಾದ ಮುಸ್ಲಿಮರನ್ನು ಮೋಸದಿಂದ ಹಡಗಿನಲ್ಲಿ ತುಂಬಿ ಗುಲಾಮರನ್ನಾಗಿ ಮಾರುವ ಜಾಲವನ್ನು ಟಿನ್‌ಟಿನ್ ಬಯಲಿಗೆಳೆಯುತ್ತಾನೆ. ಅಲ್ಲಿ ಬರುವ ಖರೀದಿದಾರ ಅರಬ. ಓದುವಾಗ ಮನಸ್ಸಿಗೆ ಚುಚ್ಚುತ್ತದೆ. ಆದರೆ ಸೌದಿ ಅರೇಬಿಯಾ ಗುಲಾಮಗಿರಿಯನ್ನು ರದ್ದು ಮಾಡಿದ್ದು 1962ರಲ್ಲಿ ಎಂಬುದನ್ನು ನಾವು ಮರೆಯಬಾರದು. ಎರ್ಜೆಯ ನಿಯ್ಯತ್ತಿನಲ್ಲಿ ಕೇಡಿರಲಿಲ್ಲ. ಆದರೂ ಆ ಹಾಜಿಗಳು ತೊದಲು ಮಾತಾಡುತ್ತಾರೆ. ಅದೇ 1962ರಲ್ಲಿ ‘ಜ್ಯೂನ್ ಆಫ್ರಿಕ್’ ಪತ್ರಿಕೆ ಇದನ್ನು ಟೀಕಿಸಿತು. 1967ರ ಆವೃತ್ತಿಯಲ್ಲಿ ಮಾತುಗಳನ್ನು ತಿದ್ದಲಾಯಿತು. ನಿಯ್ಯತ್ತು ಒಳ್ಳೆಯದಿದ್ದರೆ ಸಾಲದೇ ಎಂದು ಕೇಳುವವರಿಗೆ ಈ ತೊದಲು ಮಾತೇ ಉತ್ತರ.

ತೌಬಾಕ್ಕೆ ಉಲಮಾಗಳು ಹೇಳುವ ಷರತ್ತುಗಳು ಗೊತ್ತಿರುವಂಥವೇ: ತಪ್ಪನ್ನು ಬಿಡಬೇಕು, ಪಶ್ಚಾತ್ತಾಪ ಪಡಬೇಕು, ಮತ್ತೆ ಮಾಡೆನೆಂದು ನಿರ್ಧರಿಸಬೇಕು. ತಪ್ಪು ಮನುಷ್ಯನ ಹಕ್ಕಿಗೆ ಸಂಬಂಧಿಸಿದ್ದರೆ ಅವನ ಹಕ್ಕನ್ನು ಮರಳಿಸಬೇಕು, ಇಲ್ಲವೇ ಅವನಿಂದ ಕ್ಷಮೆ ಪಡೆಯಬೇಕು. ತಾನು ಬೆಳೆದ ಪರಿಸರದ ಪೂರ್ವಗ್ರಹಗಳೇ ಕಾಂಗೋ ಕಥೆಯಲ್ಲಿ ಇಳಿದವೆಂದು ಎರ್ಜೆ ಮುಂದೆ ಸಂದರ್ಶನದಲ್ಲಿ ಒಪ್ಪಿಕೊಂಡರು. ಒಪ್ಪಿಗೆಯೇನೋ ಹೌದು. ಆದರೆ ಅದರಲ್ಲಿ ತಪ್ಪಿನ ಅರ್ಧ ಪಾಲು ಪರಿಸರದ ಲೆಕ್ಕಕ್ಕೆ ಹೋಗುತ್ತದೆ. ಕಾಂಗೋ ಪುಸ್ತಕವನ್ನು ತಡೆಯಬೇಕೆಂದು ಕಾಂಗೋ ಮೂಲದವರೊಬ್ಬರು ಹೂಡಿದ ದಾವೆಯನ್ನು ಬ್ರಸೆಲ್ಸ್‌ನ ನ್ಯಾಯಾಲಯ 2012ರಲ್ಲಿ ತಳ್ಳಿಹಾಕಿತು. ಅದು ಸರಿಯೆಂದೇ ನಮ್ಮ ಭಾವನೆ. ಪುಸ್ತಕ ಮಾಯವಾದರೆ ತಪ್ಪಿನ ಸಾಕ್ಷಿಯೂ ಮಾಯವಾಗುತ್ತದೆ.

ಎರ್ಜೆಯನ್ನು ಕಟಕಟೆಯಲ್ಲಿ ನಿಲ್ಲಿಸುವುದು ನಮಗೆ ಸುಲಭವಲ್ಲ. ನಮ್ಮ ಮೊದಲ ಸಂಕಲನದಲ್ಲಿ ಒಬ್ಬ ಬಡ್ಡಿ ವ್ಯಾಪಾರಿಯಿದ್ದ. ಹೆಸರಿನಲ್ಲೇ ಜಾತಿ ತಿಳಿಯುವಂತೆ ಇಟ್ಟಿದ್ದೆವು. ಓದುಗರು ಅವನನ್ನು ಮೊದಲ ಸಾಲಿನಲ್ಲೇ ದ್ವೇಷಿಸಲೆಂದು. ಅದೇ ಸಮುದಾಯದ ಸ್ನೇಹಿತರೊಬ್ಬರು ಓದಿ ‘ಚೆನ್ನಾಗಿದೆ’ ಎಂದಷ್ಟೇ ಹೇಳಿ ಪುಸ್ತಕ ಮರಳಿಸಿದರು. ಎರಡನೆಯ ಮುದ್ರಣದಲ್ಲಿ ಹೆಸರು ತೆಗೆದು ‘ಸಾಹುಕಾರ’ ಎಂದು ಮಾಡಿದೆವು. ಅವರಿಗೆ ಹೇಳಲಿಲ್ಲ. ಅವರೂ ಕೇಳಲಿಲ್ಲ.

ಮೂರನೆಯ ಮುದ್ರಣಕ್ಕೆ ಈಗ ಮುನ್ನುಡಿ ಬರೆಯಬೇಕಾಗಿದೆ. ಹಳೆಯ ಹೆಸರನ್ನೂ ಅದನ್ನು ಬದಲಿಸಿದ ಕಾರಣವನ್ನೂ ಬರೆಯಲು ಕುಳಿತಿದ್ದೇವೆ. ಅಚ್ಚಿಗೆ ಕೊಡುವ ಮೊದಲು ಅದನ್ನು ಅವರ ಮನೆಗೆ ಒಯ್ಯಬೇಕು.